ಬೆಳಕು ಹೊರಟ ಊರು ಶಿವನಸಮುದ್ರ

ಮಂಡ್ಯ ಜಿಲ್ಲೆ ಎಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ಕಬ್ಬಿನ ಗದ್ದೆ, ಭತ್ತದ ಬಯಲು, ಹೊಗೆಯಾಡುವ ಆಲೆಮನೆ. ಈ ಜಿಲ್ಲೆಗೂ ಒಂದು ಕಾಡಿದೆ ಎಂಬುದು ಜಿಲ್ಲೆಯವರಿಗೇ ಎಷ್ಟೋ ಸಲ ನೆನಪಿರುವುದಿಲ್ಲ. ಮಳವಳ್ಳಿ ದಾಟಿ ಕಾವೇರಿಯ ಕಡೆ ಇಳಿಯುತ್ತಾ ಹೋದರೆ ಬಯಲು ಮುಗಿದು ಬೆಟ್ಟಗಳು ಎದುರಾಗುತ್ತವೆ. ಮಲೆನಾಡಿನ ನಿತ್ಯಹಸಿರು ಕಾಡಲ್ಲ ಇದು. ಬೇಸಗೆಯಲ್ಲಿ ಎಲೆ ಉದುರಿಸಿ ಬೋಳಾಗಿ ನಿಲ್ಲುವ ಒಣಕಾಡು. ಹೊಳೆಯ ದಡದಲ್ಲಿ ಮಾತ್ರ ಹೊಳೆಮತ್ತಿ, ಹೊಂಗೆ, ಹುಣಸೆಗಳ ದಟ್ಟ ನೆರಳು. ಮುತ್ತತ್ತಿಯ ಕಡೆಗೆ ಹಬ್ಬುತ್ತಾ ಹೋಗುವ ಈ ಕಾಡಿನ ಬಾಗಿಲಲ್ಲಿ ಶಿವನಸಮುದ್ರ ಎಂಬ ಪುಟ್ಟ ಊರಿದೆ.

ಇಲ್ಲಿ ಕಾವೇರಿ ಎರಡು ಕವಲಾಗಿ ಒಂದು ನಡುಗಡ್ಡೆಯನ್ನು ಸುತ್ತುವರಿಯುತ್ತಾಳೆ. ಒಂದು ಕವಲು ಗಗನಚುಕ್ಕಿಯಾಗಿ ಧುಮುಕಿದರೆ ಇನ್ನೊಂದು ಭರಚುಕ್ಕಿಯಾಗಿ ಧುಮುಕುತ್ತದೆ. ನದಿಯ ಎಡದಂಡೆ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿಗೆ ಸೇರಿದ್ದು, ನಡುಗಡ್ಡೆ ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲಕ್ಕೆ ಸೇರಿದ್ದು. ಎಡದಂಡೆಯ ವಿದ್ಯುತ್ ಕಾಲೊನಿಯನ್ನು ಸುತ್ತಲಿನ ಜನ ‘ಬ್ಲಫ್’ ಎಂದೇ ಕರೆಯುತ್ತಾರೆ. ಕಡಿದಾದ ಬೆಟ್ಟದಂಚು ಎಂಬುದು ಆ ಇಂಗ್ಲಿಷ್ ಪದದ ಒಂದು ಅರ್ಥ. ಇನ್ನೊಂದು ಅರ್ಥವೂ ಉಂಟು, ಅದನ್ನು ಇಸ್ಪೀಟು ಆಡುವವರು ಬಲ್ಲರು.

ಊರಿನ ಹಳೆಯ ಕತೆ ಗಂಗರಾಜನದು. ಅವನ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳನ್ನು ಸತ್ತೇಗಾಲದ ಬಳಿಯ ಕಿಲಿಮಲೆಗೂ ಇನ್ನೊಬ್ಬಳನ್ನು ಮದ್ದೂರಿನ ಹತ್ತಿರದ ನಗರಕೆರೆಗೂ ಕೊಟ್ಟಿತ್ತಂತೆ. ತವರಿನ ಸಿರಿಯ ಮುಂದೆ ಗಂಡನ ಮನೆ ಏನೇನೂ ಅಲ್ಲ ಎಂಬ ಮಾತು ದಿನಾ ಕೇಳಿ ರೋಸಿದ ಅಳಿಯಂದಿರು ಒಟ್ಟಾಗಿ ಮಾವನ ಕೋಟೆಗೆ ಮುತ್ತಿಗೆ ಹಾಕಿದರು. ಹನ್ನೆರಡು ವರ್ಷವಾದರೂ ಹೊಳೆ ದಾಟಲಾಗಲಿಲ್ಲ. ಕೊನೆಗೆ ದಳವಾಯಿಯೇ ಲಂಚ ತಿಂದು, ದೊರೆಯನ್ನು ಆಟದಲ್ಲಿ ಮುಳುಗಿಸಿಟ್ಟು ಹೊಳೆದಾರಿಯ ಕಾವಲು ತೆಗೆದ. ಕೋಟೆ ಬಿತ್ತು, ದೊರೆ ಸತ್ತ. ಪಶ್ಚಾತ್ತಾಪದಿಂದ ಅಳಿಯಂದಿರು ಹೆಂಡಿರೊಡನೆ ಜಲಪಾತಕ್ಕೆ ಹಾರಿದರು. ಕತೆ ಹೀಗೆ. ಇತಿಹಾಸ ಹೇಳುವುದು ಬೇರೆ: ಇದು ಉಮ್ಮತ್ತೂರಿನ ಪಾಳೆಯಗಾರರ ಭದ್ರ ನೆಲೆಯಾಗಿತ್ತು, 1510ರ ಆಸುಪಾಸಿನಲ್ಲಿ ವಿಜಯನಗರದ ಕೃಷ್ಣದೇವರಾಯ ಅದನ್ನು ಗೆದ್ದ. ಆದರೆ ಜನರು ನೆನಪಿಟ್ಟುಕೊಂಡದ್ದು ಸಾಮ್ರಾಜ್ಯದ ಯುದ್ಧವನ್ನಲ್ಲ, ಬೀಗರ ಜಗಳವನ್ನು. ನಮಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ನಡುಗಡ್ಡೆಯಲ್ಲಿ ರಂಗನಾಥನ ಗುಡಿಯಿದೆ. ಶ್ರೀರಂಗಪಟ್ಟಣದ ಆದಿರಂಗ, ತಮಿಳುನಾಡಿನ ಶ್ರೀರಂಗದ ಅಂತ್ಯರಂಗ, ಇವೆರಡರ ನಡುವಿನ ಮಧ್ಯರಂಗ ಇವನು. ಸೋಮೇಶ್ವರನ ಗುಡಿಯೂ ಇದೆ. ಗಗನಚುಕ್ಕಿಯ ನೆತ್ತಿಯಲ್ಲಿ, ನೀರಿನ ಭೋರ್ಗರೆತ ಕಿವಿಗೆ ಅಪ್ಪಳಿಸುವ ಜಾಗದಲ್ಲಿ, ಹಜ್ರತ್ ಮರ್ದಾನೆ ಗೈಬ್ ದರ್ಗಾ ಇದೆ. ಗೈಬ್ ಎಂದರೆ ಕಣ್ಣಿಗೆ ಕಾಣದ್ದು. ಲೋಕದ ಭಾರವನ್ನು ಯಾರಿಗೂ ತಿಳಿಯದಂತೆ ಹೊತ್ತು ನಡೆಯುವ ಅಗೋಚರ ಸಂತರು ಇದ್ದಾರೆಂಬುದು ಸೂಫಿಗಳ ಹಳೆಯ ನಂಬಿಕೆ. ಹೆಸರಿನ ಹಿಂದೆ ಆ ನಂಬಿಕೆಯಿದೆ. ಇಲ್ಲಿ ಹರಕೆ ಹೊತ್ತು ಬರುವವರು ಮುಸ್ಲಿಮರು ಮಾತ್ರವಲ್ಲ. ರಂಗನಾಥನಿಗೆ ಕೈಮುಗಿದವರು ಪೀರರಿಗೂ ಸಕ್ಕರೆ ಓದಿಸಿಕೊಂಡು ಹೋಗುವುದು ಈ ಸೀಮೆಯಲ್ಲಿ ಸುದ್ದಿಯ ವಿಷಯವೇ ಅಲ್ಲ. ಬಾಬಾಬುಡನ್‌ಗಿರಿಯ ಹೆಸರೆತ್ತಿದರೆ ಪೊಲೀಸ್ ಬಂದೋಬಸ್ತು ನೆನಪಾಗುವ ಕಾಲದಲ್ಲಿ ಸುದ್ದಿಯಾಗದ ಇಂಥ ಜಾಗಗಳನ್ನೂ ನಾವು ಬರೆದಿಡಬೇಕಾಗಿದೆ.

1799ರ ಮಾರ್ಚ್ 27ರಂದು ಮಳವಳ್ಳಿಯ ಬಳಿ ಟಿಪ್ಪುವಿನ ಸೈನ್ಯಕ್ಕೂ ಜನರಲ್ ಹ್ಯಾರಿಸ್‌ನ ಸೈನ್ಯಕ್ಕೂ ಕಾಳಗ ನಡೆಯಿತು. ಮಳವಳ್ಳಿಯನ್ನು ಹೈದರಾಲಿ ಮಗನಿಗೆ ಜಹಗೀರಾಗಿ ಕೊಟ್ಟು ಕೆರೆಯ ಬಳಿ ಹಣ್ಣಿನ ತೋಟ ಮಾಡಿಸಿದ್ದ. ಟಿಪ್ಪು ಇಲ್ಲಿ ಹಿಮ್ಮೆಟ್ಟಬೇಕಾಯಿತು; ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ನಂತರದ ಹಂಚಿಕೆಯಲ್ಲಿ ಕೊಳ್ಳೇಗಾಲ ಕಂಪನಿಯ ಮದರಾಸು ಸೀಮೆಗೆ ಹೋಯಿತು, ಮಳವಳ್ಳಿ ಮೈಸೂರಿನಲ್ಲಿ ಉಳಿಯಿತು. ಅಂದರೆ ಒಂದೇ ಊರಿನ ನಡುಗಡ್ಡೆ ಒಂದು ಸರ್ಕಾರಕ್ಕೆ, ಎದುರು ದಂಡೆ ಇನ್ನೊಂದು ಸರ್ಕಾರಕ್ಕೆ. 1956ರ ನವೆಂಬರ್ 1ರವರೆಗೆ, ನೂರೈವತ್ತಕ್ಕೂ ಹೆಚ್ಚು ವರ್ಷ, ಶಿವನಸಮುದ್ರದ ನಡುಗಡ್ಡೆ ಮದರಾಸಿನ ಕೊಯಮತ್ತೂರು ಜಿಲ್ಲೆಯ ಲೆಕ್ಕದಲ್ಲಿತ್ತು ಎಂದರೆ ಇಂದಿನ ಓದುಗರು ನಂಬಲಿಕ್ಕಿಲ್ಲ.

ಯುದ್ಧ ಮುಗಿದ ಮೇಲೆ ನಡುಗಡ್ಡೆಯನ್ನು ಕಾಡು ನುಂಗಿತು. ಚಳಿಜ್ವರದ ಭಯಕ್ಕೆ ಜನ ಊರು ಬಿಟ್ಟಿದ್ದರು. ಮೈಸೂರು ರೆಸಿಡೆಂಟರ ಕಚೇರಿಯಲ್ಲಿದ್ದ ರಾಮಸ್ವಾಮಿ ಮೊದಲಿಯಾರ್ ಎಂಬುವರು ಕಾಡು ಕಡಿಸಿ, ಗುಡಿಗಳನ್ನು ದುರಸ್ತಿ ಮಾಡಿಸಿ, ಎರಡೂ ಕವಲುಗಳಿಗೆ ಕಲ್ಲಿನ ಸೇತುವೆ ಕಟ್ಟಿಸಿದರು. ಒಂದಕ್ಕೆ ವೆಲ್ಲೆಸ್ಲಿಯ ಹೆಸರು, ಇನ್ನೊಂದಕ್ಕೆ ಮದರಾಸಿನ ಗವರ್ನರ್ ಲಷಿಂಗ್ಟನ್‌ನ ಹೆಸರು. ನದಿಯ ಬಂಡೆಗೇ ಕಲ್ಲಿನ ಕಂಬಗಳನ್ನು ನೆಟ್ಟು ಮೇಲೆ ಕಲ್ಲಿನ ತೊಲೆ ಹಾಸಿದ ಈ ಸೇತುವೆಗಳು ದೇಶೀಯ ಕೈಕೆಲಸದವು. ಮೊದಲಿಯಾರರಿಗೆ ಸರ್ಕಾರ ಜಹಗೀರನ್ನೂ ‘ಜನೋಪಕಾರ ಕಾಮಕರ್ತ’ ಎಂಬ ಬಿರುದನ್ನೂ ಕೊಟ್ಟಿತು.

ಊರಿನ ಹೆಸರು ಪ್ರಪಂಚಕ್ಕೆ ತಿಳಿದದ್ದು ಮಾತ್ರ ಕೋಲಾರದ ಚಿನ್ನದಿಂದ. ಗಣಿಗಳಿಗೆ ಸೌದೆ, ಕಲ್ಲಿದ್ದಲು ಸಾಲದೆ ಬಂದಾಗ ದಿವಾನ್ ಶೇಷಾದ್ರಿ ಅಯ್ಯರ್ ಮತ್ತು ಇಂಜಿನಿಯರ್ ಲಾಟ್ಬಿನಿಯರ್ ಈ ಜಲಪಾತದ ಮೇಲೆ ಕಣ್ಣಿಟ್ಟರು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ ವಿದ್ಯುತ್ ಯಂತ್ರಗಳು, ಸ್ವಿಟ್ಜರ್ಲೆಂಡಿನ ಎಶರ್ ವಿಸ್ ಕಂಪನಿಯಿಂದ ನೀರುಚಕ್ರಗಳು ಬಂದವು. ಹತ್ತಿರದ ರೈಲು ನಿಲ್ದಾಣ ಮದ್ದೂರು. ಅಲ್ಲಿಂದ ಮಳವಳ್ಳಿ ಹಾದಿಯಾಗಿ ಆನೆ, ಕುದುರೆ, ಎತ್ತುಗಳೇ ಆ ಭಾರವನ್ನು ಕಾಡಿನವರೆಗೆ ಎಳೆದವು. ನದಿಯ ಮೇಲ್ಭಾಗದಿಂದ ಕಾಲುವೆ ತೋಡಿ, ಬೆಟ್ಟದ ತುದಿಗೆ ನೀರು ತಂದು, ಕೊಳವೆಗಳಲ್ಲಿ ನೂರಾರು ಅಡಿ ಕೆಳಗೆ ಬಿಡಲಾಯಿತು. 1902ರ ಜೂನ್ 30ರಂದು 147 ಕಿಲೋಮೀಟರು ದೂರದ ಗಣಿಗೆ ಕರೆಂಟು ಹರಿಯಿತು. ಶೇಷಾದ್ರಿ ಅಯ್ಯರ್ ಅದನ್ನು ನೋಡಲಿಲ್ಲ. 1901ರ ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದರು.

ಇದು ಏಷ್ಯಾದಲ್ಲೇ ಮೊದಲನೆಯ ಜಲವಿದ್ಯುತ್ ಕೇಂದ್ರ ಎಂದು ನಮ್ಮ ಪಠ್ಯಗಳೂ ಭಾಷಣಗಳೂ ಹೇಳುತ್ತಾ ಬಂದಿವೆ. ಭಾರತದಲ್ಲಿಯೇ ಡಾರ್ಜಿಲಿಂಗಿನ ಸಿದ್ರಾಪಾಂಗ್ ಕೇಂದ್ರ 1897ರಲ್ಲಿ ಶುರುವಾಗಿತ್ತು. ಅದು ಚಿಕ್ಕದು, ಒಂದು ಪಟ್ಟಣಕ್ಕಾಗಿ ಕಟ್ಟಿದ್ದು. ಶಿವನಸಮುದ್ರದ ಹೆಚ್ಚಳವಿದ್ದದ್ದು ಅಷ್ಟು ದೂರಕ್ಕೆ ಕರೆಂಟು ಸಾಗಿಸಿದ್ದರಲ್ಲಿ. ಆ ಕಾಲದ ಲೋಕದಲ್ಲೇ ಅದು ಅತಿ ಉದ್ದದ ತಂತಿಮಾರ್ಗಗಳಲ್ಲಿ ಒಂದು. ಇರುವ ಹೆಮ್ಮೆಯೇ ಸಾಕಷ್ಟಿರುವಾಗ ಇಲ್ಲದ್ದನ್ನು ಸೇರಿಸುವ ಅಗತ್ಯವಿಲ್ಲ. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಿಗೂ 1908ರಲ್ಲಿ ಮೈಸೂರಿಗೂ ಇಲ್ಲಿಂದಲೇ ದೀಪ ಹೋಯಿತು.

ಮುಂದಿನದು ಮಂಡ್ಯದವರು ಗಮನಿಸಬೇಕಾದ ಸಂಗತಿ. ಬೇಸಗೆಯಲ್ಲಿ ಕಾವೇರಿ ಬಡವಾಗುತ್ತಾಳೆ, ಗಣಿಗೆ ಮಾತ್ರ ವರ್ಷವಿಡೀ ಒಂದೇ ಸಮ ಕರೆಂಟು ಬೇಕು. ಹಾಗಾದರೆ ಮೇಲೆಲ್ಲೋ ನೀರು ಕೂಡಿಡಬೇಕು. 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾಗಿ ಬಂದ ವಿಶ್ವೇಶ್ವರಯ್ಯನವರು ಕನ್ನಂಬಾಡಿ ಅಣೆಕಟ್ಟೆಗೆ ವಾದ ಮಂಡಿಸಿದಾಗ ನೀರಾವರಿಯ ಜೊತೆಗೆ ಶಿವನಸಮುದ್ರದ ಕರೆಂಟೂ, ಗಣಿಯಿಂದ ಬರುವ ಆದಾಯವೂ ಅದರಲ್ಲಿತ್ತು. ಬರೀ ರೈತನ ಹೆಸರು ಹೇಳಿದ್ದರೆ ಖಜಾನೆಯ ಬಾಗಿಲು ಅಷ್ಟು ಬೇಗ ತೆರೆಯುತ್ತಿತ್ತೇ ಎಂಬ ಅನುಮಾನ ನಮಗಿದೆ. 1911ರಲ್ಲಿ ಕೆಲಸ ಶುರುವಾಯಿತು. ಮದರಾಸು ತಕರಾರು ತೆಗೆಯಿತು. ವಿವಾದ ಮಧ್ಯಸ್ಥಿಕೆಗೆ ಹೋಗಿ 1924ರ ಒಪ್ಪಂದದವರೆಗೂ ಎಳೆಯಿತು. ಆ ಒಪ್ಪಂದದ ಬಿಸಿ ನಮ್ಮ ಕಾಲಕ್ಕೂ ತಟ್ಟಿದೆ. ಅಣೆಕಟ್ಟೆ ಎದ್ದ ಮೇಲೆ ಇರ್ವಿನ್ ನಾಲೆ ಬಂತು, ಅದೇ ಇಂದಿನ ವಿಶ್ವೇಶ್ವರಯ್ಯ ನಾಲೆ. ರಾಗಿ, ಹುರುಳಿ ಬೆಳೆಯುತ್ತಿದ್ದ ಮಂಡ್ಯ, ಮದ್ದೂರು, ಮಳವಳ್ಳಿಯ ಹೊಲಗಳಿಗೆ ಕಬ್ಬು ಬಂತು, 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯೇ ಆಯಿತು. ಈ ಹಸಿರಿನ ಬೇರು ಹುಡುಕುತ್ತಾ ಹೋದರೆ ಅದರ ಒಂದು ಎಳೆ ಕಾಡಂಚಿನ ಈ ಹಳ್ಳಿಯ ಬೇಸಗೆಯ ನೀರಿನ ಅಭಾವಕ್ಕೆ ಹೋಗಿ ಮುಟ್ಟುತ್ತದೆ.

ದಿವಾನರ, ಇಂಜಿನಿಯರರ, ಕಂಪನಿಗಳ ಹೆಸರು ನಮಗೆ ಗೊತ್ತಿದೆ. ಜ್ವರದ ಸೀಮೆಯೆಂದು ಹೆಸರಾಗಿದ್ದ ಕಾಡಿನಲ್ಲಿ ಬಂಡೆ ಒಡೆದು ಕಾಲುವೆ ತೋಡಿದವರು, ಮದ್ದೂರಿನಿಂದ ಗಾಡಿ ಹೊಡೆದವರು, ಬೆಟ್ಟದ ಇಳಿಜಾರಿನಲ್ಲಿ ಕೊಳವೆ ಇಳಿಸಿದವರು ಯಾವ ಊರಿನವರು, ಯಾರ ಮಕ್ಕಳು ಎಂಬುದನ್ನು ಯಾವ ಫಲಕವೂ ಹೇಳುವುದಿಲ್ಲ. ಅವರೂ ಒಂದು ಬಗೆಯಲ್ಲಿ ಮರ್ದಾನೆ ಗೈಬರೇ. ಸುತ್ತಲಿನ ಹಳ್ಳಿಗಳ ಹಿರಿಯರ ಬಾಯಲ್ಲಿ ಮುತ್ತಾತಂದಿರ ನೆನಪು ಇನ್ನೂ ಒಂದಿಷ್ಟು ಉಳಿದಿರಬಹುದು. ಜಿಲ್ಲೆಯ ಕಾಲೇಜುಗಳ ಇತಿಹಾಸ ವಿಭಾಗಗಳು ಒಂದು ಬೇಸಗೆ ರಜೆಯನ್ನು ಇದಕ್ಕೆ ಕೊಟ್ಟರೆ ಏನಾದರೂ ಸಿಕ್ಕೀತು.

ಕೋಲಾರದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಬ್ಲಫ್‌ನ ಚಕ್ರಗಳು ನಿಂತಿಲ್ಲ. ಮೊದಲು ನಾಲ್ಕು ಮೆಗಾವ್ಯಾಟ್ ಚಿಲ್ಲರೆಯಿದ್ದ ಕೇಂದ್ರದ ಸಾಮರ್ಥ್ಯ ಈಗ 42 ಮೆಗಾವ್ಯಾಟ್. ಹಳೆಯ ಕಲ್ಲಿನ ಸೇತುವೆಗಳಲ್ಲಿ, ಜನ ವೆಸ್ಲಿ ಸೇತುವೆ ಎನ್ನುವುದರ ಒಂದು ಭಾಗ 2018ರ ಆಗಸ್ಟಿನ ಪ್ರವಾಹದಲ್ಲಿ ಕೊಚ್ಚಿಹೋಯಿತು. ಸುಮಾರು ಇನ್ನೂರು ಮಳೆಗಾಲ ಕಂಡ ಕಂಬಗಳು ಅವು. ಅವನ್ನು ಕಡೆದ ಕಲ್ಲುಕುಟಿಗರ ಹೆಸರೂ ಎಲ್ಲಿಯೂ ಬರೆದಿಲ್ಲ.