ಸೀಸದ ಪುಡಿಯಿಂದ ಲಿಥಿಯಂ ಕೋಶಕ್ಕೆ: ಜಿ.ಎಸ್. ಯುವಾಸಾ ಚರಿತ್ರೆಯ ಕಾಲವಿಭಾಗ

ಜಪಾನಿನ ಜಿ.ಎಸ್. ಯುವಾಸಾ ಬ್ಯಾಟರಿ ಕಂಪನಿಯ ಚರಿತ್ರೆಯನ್ನು ಸಾಮಾನ್ಯವಾಗಿ ಮೂರು ಇಸವಿಗಳಿಗೆ ಕಟ್ಟಿ ಹೇಳುತ್ತಾರೆ. 1917ರಲ್ಲಿ ಕ್ಯೋಟೋದಲ್ಲಿ ‘ನಿಹೋನ್ ಡೆನ್ಚಿ’ ಸ್ಥಾಪನೆ, 1918ರಲ್ಲಿ ಒಸಾಕಾ ಪ್ರಾಂತದಲ್ಲಿ ಯುವಾಸಾ ಬ್ಯಾಟರಿ ಕಂಪನಿಯ ಸ್ಥಾಪನೆ, 2004ರಲ್ಲಿ ಎರಡರ ವಿಲೀನ. ಇವು ನೋಂದಣಿ ಕಚೇರಿಯ ದಿನಾಂಕಗಳು. ಕಾರ್ಖಾನೆಯೊಳಗೆ ನಿಜವಾಗಿ ಏನು ಬದಲಾಯಿತು ಎಂದು ಕೇಳಿದರೆ ಉತ್ತರ ಬೇರೆ ಕಡೆ, ಬ್ಯಾಟರಿಯ ಫಲಕಕ್ಕೆ ಮೆತ್ತುವ ವಸ್ತುವಿನಲ್ಲಿ ಸಿಗುತ್ತದೆ ಎಂಬುದು ಈ ಲೇಖನದ ವಾದ.

ನಿಹೋನ್ ಡೆನ್ಚಿಯ ಮೂಲ ಕ್ಯೋಟೋದ ಶಿಮಾಜು ಮನೆತನದಲ್ಲಿದೆ. ಮೊದಲ ಶಿಮಾಜು ಗೆನ್ಜೋ ಬುದ್ಧನ ಪೂಜಾಪೀಠದ ಲೋಹಸಾಮಗ್ರಿ ಮಾಡುವ ಮನೆತನದವರು. ರಾಜಧಾನಿ ಟೋಕಿಯೋಗೆ ಹೋದ ಮೇಲೆ ಕಳೆಗುಂದಿದ್ದ ಕ್ಯೋಟೋದಲ್ಲಿ ಅವರು 1875ರಲ್ಲಿ ಭೌತ-ರಸಾಯನ ಉಪಕರಣಗಳ ಕೆಲಸಕ್ಕೆ ತೊಡಗಿದರು. ಮಗ ಉಮೆಜಿರೋ, ತಂದೆಯ ಮರಣಾನಂತರ ತಂದೆಯ ಹೆಸರನ್ನೇ ಧರಿಸಿ, 1895ರಲ್ಲಿ ಸೀಸ-ಆಮ್ಲ ಬ್ಯಾಟರಿ ತಯಾರಿಸಿದರು. ಅವರ ಹೆಸರಿನ ಮೊದಲಕ್ಷರಗಳಾದ ‘ಜಿ.ಎಸ್.’ 1908ರಲ್ಲಿ ವ್ಯಾಪಾರಮುದ್ರೆಯಾಯಿತು. ಯುವಾಸಾದ ಮೂಲ ಇನ್ನೂ ಹಳೆಯದು: 1666ರಲ್ಲಿ ಕ್ಯೋಟೋದಲ್ಲೇ ಆರಂಭವಾದ ಇದ್ದಿಲು ವ್ಯಾಪಾರ.

ಚರಿತ್ರೆಯ ತಿರುವು 1920ರ ಆಸುಪಾಸಿನದು. ಸೀಸ-ಆಮ್ಲ ಬ್ಯಾಟರಿಯ ಫಲಕಕ್ಕೆ ಸೀಸದ ಆಕ್ಸೈಡ್ ಬೇಕು. ಅದನ್ನು ಕುಲುಮೆಯಲ್ಲಿ ಸೀಸ ಕಾಯಿಸಿ ಪಡೆಯುತ್ತಿದ್ದರು. ಎರಡನೆಯ ಶಿಮಾಜು ಸೀಸದ ಗಟ್ಟಿಗಳನ್ನು ತಿರುಗುವ ಪೀಪಾಯಿಗೆ ಹಾಕಿ ಒಳಗೆ ಗಾಳಿ ಹಾಯಿಸಿದರು. ಗಟ್ಟಿಗಳು ಒಂದಕ್ಕೊಂದು ಉಜ್ಜಿ ಮೇಲ್ಮೈ ಸವೆಯುತ್ತದೆ; ಸವೆದ ಕಣ ಗಾಳಿಯೊಡನೆ ಸೇರಿ ಆಕ್ಸೈಡ್ ಆಗುತ್ತದೆ; ನವಿರಾದ ಪುಡಿಯನ್ನು ಅದೇ ಗಾಳಿ ಹೊರಗೆ ಒಯ್ಯುತ್ತದೆ. ಪುಡಿಯ ಒಂದು ಪಾಲು ಲೋಹವಾಗಿಯೇ ಉಳಿಯುವುದರಿಂದ ಅದು ಬಲು ಚುರುಕಾಗಿ ವರ್ತಿಸುತ್ತದೆ. ಫಲಕ ತಯಾರಿಕೆಗೆ ಬೇಕಾದದ್ದೂ ಆ ಗುಣವೇ. ಇದೇ ತತ್ತ್ವದ ಗಿರಣಿಗಳು ಇಂದಿಗೂ ಬ್ಯಾಟರಿ ಕಾರ್ಖಾನೆಗಳಲ್ಲಿ ತಿರುಗುತ್ತಿವೆ. 1930ರಲ್ಲಿ ಜಪಾನ್ ತನ್ನ ಹತ್ತು ಮಹಾನ್ ಆವಿಷ್ಕಾರಕರನ್ನು ಆರಿಸಿದಾಗ ಶಿಮಾಜು ಅವರಲ್ಲೊಬ್ಬರಾಗಿದ್ದರು.

ಇಲ್ಲೊಂದು ಮಾತು ಹೇಳಲೇಬೇಕು. ಸೀಸದ ಪುಡಿ ಉಸಿರಿನೊಡನೆ ಒಳಹೋದರೆ ನರ, ರಕ್ತ, ಮೂತ್ರಪಿಂಡಗಳಿಗೆ ಹಾನಿ. ಗಿರಣಿಯ ಪಕ್ಕ ನಿಂತವರನ್ನು ಬಿಟ್ಟು ಬರೆದ ಬ್ಯಾಟರಿ ಚರಿತ್ರೆ ಯಾವ ದೇಶದ್ದಾದರೂ ಅರ್ಧ ಚರಿತ್ರೆಯೇ.

ಪುಡಿಯ ಮಹತ್ವವನ್ನು ಅಳೆಯಲು ಅಮೆರಿಕದ ಮೊಕದ್ದಮೆಯೊಂದು ಒಳ್ಳೆಯ ಆಧಾರ. ಫಿಲಡೆಲ್ಫಿಯಾದ ಎಲೆಕ್ಟ್ರಿಕ್ ಸ್ಟೋರೇಜ್ ಬ್ಯಾಟರಿ ಕಂಪನಿ (ನಮ್ಮ ಓದುಗರಿಗೆ ಪರಿಚಿತವಾದ ‘ಎಕ್ಸೈಡ್’ ಹೆಸರು ಹುಟ್ಟಿದ್ದು ಅಲ್ಲೇ) ತನ್ನ ಪೇಟೆಂಟುಗಳನ್ನು ಉಲ್ಲಂಘಿಸಿದೆ ಎಂದು ಶಿಮಾಜು ದಾವೆ ಹೂಡಿದ್ದರು. ಕೆಳಗಿನ ನ್ಯಾಯಾಲಯಗಳಲ್ಲಿ ಗೆದ್ದರು. 1939ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಿರುಗಿಸಿತು. ಜಪಾನಿನಲ್ಲಿ ಆವಿಷ್ಕಾರ ನಡೆದ ನಿಜವಾದ ದಿನಾಂಕವನ್ನು ಸಾಕ್ಷ್ಯದಿಂದ ತೋರಿಸಬಹುದೆಂದು ಅದು ಒಪ್ಪಿತು. ಆದರೆ ಅಮೆರಿಕದಲ್ಲಿ ಅರ್ಜಿ ಸಲ್ಲಿಸುವುದಕ್ಕೆ ಎರಡು ವರ್ಷಕ್ಕೂ ಮುಂಚಿನಿಂದ ಎದುರಾಳಿ ಕಂಪನಿ ಅಂಥದೇ ವಿಧಾನವನ್ನು ಮಾರಾಟದ ಸರಕಿಗಾಗಿ ಬಳಸುತ್ತಿತ್ತು. ಕಾರ್ಖಾನೆಯ ಗೋಡೆಯೊಳಗಿನ ಅಂಥ ಬಳಕೆಯೂ ಸಾರ್ವಜನಿಕ ಬಳಕೆಯೇ ಎಂದಿತು ನ್ಯಾಯಾಲಯ. ಶಿಮಾಜು ಸೋತದ್ದು ಆವಿಷ್ಕಾರದಲ್ಲಿ ಅಲ್ಲ, ಅರ್ಜಿ ಕೊಡುವಲ್ಲಾದ ತಡದಲ್ಲಿ. ಈ ತೀರ್ಪನ್ನು ಅಮೆರಿಕದ ಪೇಟೆಂಟ್ ಕಾನೂನಿನ ಅಧ್ಯಯನಕಾರರು ಉದ್ಧರಿಸುತ್ತಾರೆ. ಉದ್ಯಮ ಚರಿತ್ರೆ ಬರೆಯುವವರೂ ಅದನ್ನು ಅಷ್ಟೇ ಗಂಭೀರವಾಗಿ ಓದಬೇಕು.

ಎರಡನೆಯ ತಿರುವು ಲಿಥಿಯಂ. 2007ರ ಕೊನೆಗೆ ಮಿತ್ಸುಬಿಷಿ ಸಂಸ್ಥೆಗಳೊಡನೆ, 2009ರಲ್ಲಿ ಹೋಂಡಾದೊಡನೆ ಕಾರಿನ ಬ್ಯಾಟರಿಗಾಗಿ ಜಂಟಿ ಕಂಪನಿಗಳಾದವು. ಭಾರತದಲ್ಲಿ ಟಾಟಾ ಆಟೋಕಾಂಪ್ ಜೊತೆಗಿನ ಪಾಲುದಾರಿಕೆ ಮಾತ್ರ ಸೀಸದ ದಾರಿಯಲ್ಲೇ ಬೆಳೆದು, ಪುಣೆ ಬಳಿಯ ರಂಜನ್‌ಗಾಂವ್‌ನಲ್ಲಿ ಕಾರ್ಖಾನೆ ಕಂಡಿತು. ಹಳೆಯ ರಸಾಯನ ಹೊಸದಕ್ಕೆ ಜಾಗ ಬಿಟ್ಟು ಹೊರಡಲಿಲ್ಲ. ಎರಡೂ ಒಂದೇ ಕಂಪನಿಯ ಆಶ್ರಯದಲ್ಲಿ ಜೊತೆಗೆ ಸಾಗಿದವು.

2013ರ ಜನವರಿ 7ರಂದು ಬಾಸ್ಟನ್‌ನಲ್ಲಿ ನಿಂತಿದ್ದ ಜಪಾನ್ ಏರ್‌ಲೈನ್ಸ್‌ನ ಬೋಯಿಂಗ್ 787 ವಿಮಾನದ ಬ್ಯಾಟರಿಗೆ ಬೆಂಕಿ ಹತ್ತಿತು. 16ರಂದು ಇನ್ನೊಂದು 787 ತಕಾಮಾತ್ಸುವಿನಲ್ಲಿ ತುರ್ತಾಗಿ ಇಳಿಯಿತು. ಜಗತ್ತಿನ ಎಲ್ಲ 787ಗಳೂ ನೆಲದಲ್ಲೇ ಉಳಿದವು. ಬ್ಯಾಟರಿಯಲ್ಲಿದ್ದದ್ದು ಜಿ.ಎಸ್. ಯುವಾಸಾದ ಎಂಟು ಲಿಥಿಯಂ-ಅಯಾನ್ ಕೋಶಗಳು. ಬಾಸ್ಟನ್ ಘಟನೆಯ ಬಗ್ಗೆ ಅಮೆರಿಕದ ಸಾರಿಗೆ ಸುರಕ್ಷಾ ಮಂಡಳಿ 2014ರಲ್ಲಿ ಕೊಟ್ಟ ವರದಿಯ ಪ್ರಕಾರ, ಒಂದು ಕೋಶದ ಒಳಗಿನ ಶಾರ್ಟ್ ಸರ್ಕ್ಯೂಟ್ ಪಕ್ಕದ ಕೋಶಗಳಿಗೂ ಕಾವು ಹಬ್ಬಿಸಿತು. ಕೋಶ ತಯಾರಿಕೆಯಲ್ಲಿ ಲೋಪಗಳಿಗೆ ಅವಕಾಶವಿತ್ತೆಂದು ಮಂಡಳಿ ಗುರುತಿಸಿತು. ಅಂಥ ಶಾರ್ಟ್‌ನ ಅತಿ ಕೆಟ್ಟ ಪರಿಣಾಮವನ್ನು ತಡೆಯುವ ವಿನ್ಯಾಸ ಮಾಡದ ಬೋಯಿಂಗ್ ಮತ್ತು ಆ ಕೊರತೆಯನ್ನು ಪ್ರಮಾಣೀಕರಣದಲ್ಲಿ ಕಂಡುಹಿಡಿಯದ ವಿಮಾನಯಾನ ಆಡಳಿತ, ಇವರ ಮೇಲೆ ಮುಖ್ಯ ಹೊಣೆ ಹೊರಿಸಿತು. ಈ ಹಂಚಿಕೆ ನ್ಯಾಯವಾದದ್ದು. ಕೋಶ ಕೆಡಬಹುದು ಎಂದು ಒಪ್ಪಿಕೊಂಡೇ ಅದರ ಸುತ್ತಲಿನ ವ್ಯವಸ್ಥೆಯನ್ನು ಕಟ್ಟಬೇಕು. ಸರಿಪಡಿಸಿದ 787ರಲ್ಲಿ ಬ್ಯಾಟರಿಯನ್ನು ಉಕ್ಕಿನ ಪೆಟ್ಟಿಗೆಯೊಳಗಿಟ್ಟು ಹೊಗೆ ವಿಮಾನದ ಹೊರಕ್ಕೆ ಹೋಗುವಂತೆ ಮಾಡಿದ್ದು ಅದಕ್ಕೇ.

ಆ ಘಟನೆಯಿಂದ ಕಂಪನಿಯ ಲಿಥಿಯಂ ಕೆಲಸ ನಿಲ್ಲಲಿಲ್ಲ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ 48 ನಿಕಲ್-ಹೈಡ್ರೋಜನ್ ಬ್ಯಾಟರಿಗಳ ಜಾಗಕ್ಕೆ ಇದೇ ಕಂಪನಿಯ ಕೋಶಗಳಿರುವ 24 ಲಿಥಿಯಂ-ಅಯಾನ್ ಬ್ಯಾಟರಿಗಳು ಬಂದವು. ಆ ಬದಲಾವಣೆ 2017ರ ಜನವರಿಯಲ್ಲಿ ಆರಂಭವಾಗಿ 2021ರ ಫೆಬ್ರವರಿಯಲ್ಲಿ ಮುಗಿಯಿತು.