ಒಕ್ಕದ ಸಾಲ, ಒಬ್ಬನ ಕಾರ್ಡು

ಕಳೆದ ಮಳೆಗಾಲದಲ್ಲಿ ನನ್ನ ತರಗತಿಯ ವಿದ್ಯಾರ್ಥಿಯೊಬ್ಬ ಕ್ರೆಡಿಟ್ ಕಾರ್ಡಿನ ಎರಡು ಅರ್ಜಿಗಳನ್ನು ತಂದು, ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಲಿ ಎಂದು ಕೇಳಿದ. ಷಟ್ಪದಿಯ ಲಕ್ಷಣ ಹೇಳಿಕೊಡುವವನ ಬಳಿಗೆ ಈ ಪ್ರಶ್ನೆ ಏಕೆ ಬಂತೋ ತಿಳಿಯದು. ಒಂದು, ಬ್ಯಾಂಕಿನಲ್ಲಿಟ್ಟ ಠೇವಣಿಯ ಮೇಲೆ ಕೊಡುವ ಕಾರ್ಡು. ಇನ್ನೊಂದಕ್ಕೆ ಠೇವಣಿ ಬೇಡ, ವರಮಾನ ತೋರಿಸಿದರೆ ಸಾಕು. ರಜೆಯಲ್ಲಿ ಹೋಂಸ್ಟೇಯೊಂದರಲ್ಲಿ ದುಡಿಯುತ್ತಿದ್ದುದರಿಂದ ಅದೂ ಅವನಿಗೆ ಸಾಧ್ಯವಿತ್ತು. ಸಿನಿಮಾ ಟಿಕೆಟ್ಟಿನ ರಿಯಾಯಿತಿ ಮುಂತಾದುವನ್ನೆಲ್ಲ ವಿವರಿಸಿ, ಕೊನೆಗೆ ಒಂದು ಮಾತು ಸೇರಿಸಿದ: “ಬಾಕಿ ಉಳಿದರೆ ಮಾರ್ಚಿನಲ್ಲಿ ಕಾಫಿ ಮಾರಿದಾಗ ಅಪ್ಪ ಕಟ್ಟುತ್ತಾರೆ, ಸಾರ್.” ರಿಯಾಯಿತಿಗಳು ನನಗೆ ಮರೆತುಹೋದವು, ಈ ಮಾತು ಉಳಿಯಿತು. ಕೊಡಗಿನ ಸಾಲದ ಚರಿತ್ರೆ ಬಹುಮಟ್ಟಿಗೆ ಅದರೊಳಗೇ ಇದೆ.

ಕೊಡಗಿನಲ್ಲಿ ಸಾಲ ಹುಟ್ಟುತ್ತಿದ್ದುದು ಹೆಸರಿನ ಮೇಲೆ. ಆ ಹೆಸರಾದರೋ ಒಬ್ಬನದಲ್ಲ, ಒಕ್ಕದ್ದು. ರಾಜರ ಕಾಲದಲ್ಲಿ, ಕರೆ ಬಂದಾಗ ಕೋವಿ ಹಿಡಿದು ಹೊರಡುವ ಸೇವೆಗೆ ಪ್ರತಿಯಾಗಿ ಕೊಟ್ಟದ್ದು ಜಮ್ಮಾ ಭೂಮಿ. 1834ರಲ್ಲಿ ನಾಡು ಇಂಗ್ಲಿಷರ ಕೈ ಸೇರಿದ ಮೇಲೂ ಆ ಪದ್ಧತಿ ಉಳಿಯಿತು. 100 ಭಟ್ಟಿ ಗದ್ದೆಗೆ ಸಾಗು ರೈತನ ಕಂದಾಯ 10 ರೂಪಾಯಿ, ಜಮ್ಮಾ ರೈತನದು 5. ಈ ಸವಲತ್ತಿನ ಜೊತೆಗೆ ಒಂದು ಕಟ್ಟೂ ಇತ್ತು: ಸರ್ಕಾರದ ಅಪ್ಪಣೆಯಿಲ್ಲದೆ ಜಮ್ಮಾ ಭೂಮಿಯನ್ನು ಮಾರುವಂತಿಲ್ಲ, ಒತ್ತೆಯಿಡುವಂತಿಲ್ಲ. ಪಟ್ಟೆ ಪಟ್ಟೆದಾರನ ಹೆಸರಿನಲ್ಲಿ, ಹಕ್ಕು ಒಕ್ಕದ ಎಲ್ಲರದು. ಮಗನನ್ನು ಓದಿಸಬೇಕೆಂದು ತಂದೆಯೊಬ್ಬ ಗದ್ದೆಯನ್ನು ಅಡವಿಡಲು ಹೊರಟರೆ, ಆ ಗದ್ದೆ ಅವನೊಬ್ಬನದಾಗಿರಲಿಲ್ಲ. ಪಟ್ಟೆಯಲ್ಲಿ ಹಿರಿಯರ ಹೆಸರೇ ಮುಂದುವರಿದು, ಸ್ವಾತಂತ್ರ್ಯ ಬಂದು ದಶಕಗಳಾದ ಮೇಲೂ ಬ್ಯಾಂಕಿನ ಬಾಗಿಲಲ್ಲಿ ಎಷ್ಟೋ ಮನೆಯವರು ಇದೇ ತೊಡಕನ್ನು ಕಂಡರು.

ಓದಿಗೆ ಹಣ ಬೇಕಾಗಿದ್ದುದೂ ಕಡಮೆಯೇನಲ್ಲ. ಮಡಿಕೇರಿಯಲ್ಲಿ ಸರ್ಕಾರಿ ಕಾಲೇಜು ತೆರೆದದ್ದು 1949ರಲ್ಲಿ. ಅದಕ್ಕೆ ಮೊದಲು ಪದವಿ ಬೇಕೆಂದವನು ಮಂಗಳೂರಿಗೋ ಮೈಸೂರಿಗೋ ಮದ್ರಾಸಿಗೋ ಘಟ್ಟ ಇಳಿಯಬೇಕಾಗಿತ್ತು. ಭೂಮಿ ಒತ್ತೆಗೆ ಸಿಗದಿದ್ದರೂ ಒಕ್ಕದ ಹೆಸರು ಸಿಗುತ್ತಿತ್ತು. ಜವಳಿ ಅಂಗಡಿಯವನು ಹುಡುಗನ ಮುಖ ನೋಡಿ ಉದ್ರಿ ಬರೆದುಕೊಳ್ಳಲಿಲ್ಲ. ಯಾವ ಮನೆ ಎಂದು ಕೇಳಿ ಬರೆದುಕೊಂಡ. ಹುಡುಗ ಹೆಚ್ಚು ಖರ್ಚು ಮಾಡಿದರೆ ಸುದ್ದಿ ಅವನಿಗಿಂತ ಮೊದಲೇ ಐನ್‌ಮನೆ ಸೇರುತ್ತಿತ್ತು. ಇದನ್ನು ನಾನು ಸ್ವರ್ಣಯುಗವೆಂದು ಹೊಗಳುತ್ತಿಲ್ಲ. ಮನೆಯ ಹೆಣ್ಣುಮಗಳ ಹೆಸರಿನಲ್ಲಿ ಯಾವ ಅಂಗಡಿಯ ಖಾತೆಯೂ ಏಳುತ್ತಿರಲಿಲ್ಲ. ತೋಟದ ಲೈನುಮನೆಗಳಲ್ಲಿದ್ದ ಕೂಲಿಯವನಿಗೆ ಸಾಲವೆಂದರೆ ಮುಂಗಡ, ಮುಂಗಡವೆಂದರೆ ಕಾಲಿಗೆ ಹಗ್ಗ.

ಇನ್ನು ಕಾಫಿ. ಕೊಡಗಿನಲ್ಲಿ ಕೊಯ್ಲು ನವೆಂಬರಿನಿಂದ ಮಾರ್ಚಿನವರೆಗೆ. ಹಣ ಬರುವುದು ವರ್ಷಕ್ಕೆ ಒಂದೇ ಸಲ. 1942ರ ಕಾಯಿದೆಯ ಮೇಲೆ ನಡೆದ ಕಾಫಿ ಬೋರ್ಡಿನ ಪೂಲ್ ಪದ್ಧತಿಯಲ್ಲಿ ಅದೂ ಒಟ್ಟಿಗೆ ಬರುತ್ತಿರಲಿಲ್ಲ: ಬೆಳೆ ಒಪ್ಪಿಸಿದಾಗ ಒಂದಿಷ್ಟು, ಉಳಿದದ್ದು ಕಂತು ಕಂತಾಗಿ. 1996ರಲ್ಲಿ ಬೆಳೆಗಾರರಿಗೆಲ್ಲ ಪೂರ್ಣ ಮಾರಾಟ ಸ್ವಾತಂತ್ರ್ಯ ಸಿಕ್ಕಿತು. ಅಂಗಡಿಯವನೂ ಬೆಳೆಗಾರನೂ ಈ ಪಂಚಾಂಗವನ್ನು ಅರಿತೇ ವ್ಯವಹರಿಸುತ್ತಿದ್ದರು. ಸಾಲ ಮಾರ್ಚಿಗಾಗಿ ಕಾಯುತ್ತಿತ್ತು. 1998ರಲ್ಲಿ ಬಂದ ಕಿಸಾನ್ ಕ್ರೆಡಿಟ್ ಕಾರ್ಡು ಕೂಡ ಇದೇ ಜಾತಿಯದು. ಬೆಳೆ ಕೊಯ್ದು ಮಾರುವ ಕಾಲ ನೋಡಿ ಅದರ ಮರುಪಾವತಿ ಗೊತ್ತಾಗುತ್ತದೆ. ತಂದೆಯ ಜೇಬಿನಲ್ಲಿರುವುದು ಆ ಕಾರ್ಡು. ಹೆಸರು ಒಂದೇ ಆದ್ದರಿಂದ ಮಗ ತನ್ನದೂ ಹಾಗೆಯೇ ಎಂದು ಭಾವಿಸಿದ್ದ.

ಮಗನ ಕಾರ್ಡಿನ ವಂಶವೃಕ್ಷ ಬೇರೆ. 1958ರಲ್ಲಿ ಅಮೆರಿಕದ ಬ್ಯಾಂಕೊಂದು ಕ್ಯಾಲಿಫೋರ್ನಿಯದ ಫ್ರೆಸ್ನೋ ಊರಿನಲ್ಲಿ, ಯಾರೂ ಕೇಳದಿದ್ದರೂ, ಸುಮಾರು 60,000 ಕಾರ್ಡುಗಳನ್ನು ಅಂಚೆಯಲ್ಲಿ ಹಂಚಿತು. ಕೇಳದೆ ಕಳಿಸುವುದನ್ನು ಅಲ್ಲಿಯ ಕಾನೂನು 1970ರಲ್ಲಿ ನಿಷೇಧಿಸಿತು. ಕಾಲೇಜು ಆವರಣಗಳಲ್ಲಿ ಉಡುಗೊರೆಯ ಆಸೆ ತೋರಿಸಿ ಅರ್ಜಿ ತುಂಬಿಸುವುದಕ್ಕೆ ತಡೆ ಬಿದ್ದದ್ದು 2009ರ ಕಾಯಿದೆಯಿಂದ. 21 ತುಂಬದವರು ಸ್ವಂತ ವರಮಾನವನ್ನೋ ಜಾಮೀನುದಾರನನ್ನೋ ತೋರಿಸಬೇಕೆಂದು ಅದೇ ಕಾಯಿದೆ ವಿಧಿಸಿತು. ನಮ್ಮ ದೇಶದಲ್ಲಿ ಸೆಂಟ್ರಲ್ ಬ್ಯಾಂಕ್ 1980ರಲ್ಲಿ ಕಾರ್ಡು ತಂದಿತು. ಕೇಳದೆ ಕಾರ್ಡು ಕೊಡಬಾರದು, ಮುಚ್ಚಲು ಕೇಳಿದರೆ, ಬಾಕಿಯಿಲ್ಲದ ಪಕ್ಷದಲ್ಲಿ, 7 ಕೆಲಸದ ದಿನಗಳೊಳಗೆ ಮುಚ್ಚಬೇಕು, ತಪ್ಪಿದರೆ ದಿನಕ್ಕೆ 500 ರೂಪಾಯಿ ದಂಡ ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ನಿರ್ದೇಶಿಸಿತು.

ಈ ಕಾರ್ಡಿಗೆ ಒಕ್ಕವೂ ತಿಳಿಯದು, ಮಾರ್ಚಿಯೂ ತಿಳಿಯದು. ಅದರ ಪಂಚಾಂಗದಲ್ಲಿ ಇರುವುದು ತಿಂಗಳು ಮಾತ್ರ. ನಾನು ಹುಡುಗನನ್ನು ಕೂರಿಸಿ ಲೆಕ್ಕ ಹಾಕಿಸಿದೆ. ಬಾಕಿ 19,000 ರೂಪಾಯಿ, ಬಡ್ಡಿ ತಿಂಗಳಿಗೆ ಶೇಕಡ 3.5 ಎಂದಿಟ್ಟುಕೊಂಡರೆ 665. ಬಡ್ಡಿಯ ಮೇಲೆ ಶೇಕಡ 18ರ ತೆರಿಗೆ ಸುಮಾರು 120. ಒಂದು ಸಾವಿರ ಕಟ್ಟಿದರೆ ಅಸಲಿನಿಂದ ಇಳಿಯುವುದು 215. ಬಾಕಿ ಉಳಿಸಿಕೊಂಡವನಿಗೆ ಹೊಸ ಖರ್ಚಿನ ಮೇಲೂ ಬಡ್ಡಿರಹಿತ ದಿನಗಳಿಲ್ಲ. ನಗದು ತೆಗೆದರಂತೂ ಅಂದಿನಿಂದಲೇ ಬಡ್ಡಿ. ಜುಲೈಯ ಬಾಕಿ ಮಾರ್ಚಿಯವರೆಗೆ ಎಂಟು ತಿಂಗಳು ಹೀಗೆ ಕಾಯಬೇಕು. ಹಾಗಾದರೆ ಅಪ್ಪನಿಗೆ ತಿಳಿಯುವುದು ಯಾವಾಗ ಎಂದು ಕೇಳಿದೆ. ಅವನು ಉತ್ತರಿಸಲಿಲ್ಲ.

ಠೇವಣಿಯ ಕಾರ್ಡನ್ನೇ ಆರಿಸಿಕೋ ಎಂದೆ. ಅದರಲ್ಲೂ ಬಡ್ಡಿ ಕಡಮೆಯೇನಲ್ಲ. ಆದರೆ ಒತ್ತೆಯಿರುವುದು ತನ್ನದೇ ಹಣ, ಮಿತಿಯೂ ಅದಕ್ಕೆ ತಕ್ಕಷ್ಟೆ, ತಪ್ಪಿದರೆ ಬ್ಯಾಂಕು ಅದನ್ನೇ ಹಿಡಿದುಕೊಳ್ಳುತ್ತದೆ. ಸಕಾಲಕ್ಕೆ ಪೂರ್ತಿ ಕಟ್ಟುತ್ತ ಬಂದರೆ ಸಾಲದ ದಾಖಲೆಯಲ್ಲಿ ಅವನ ಸ್ವಂತ ಹೆಸರೂ ಏಳುತ್ತದೆ. ರಿಯಾಯಿತಿ ಕಡಮೆಯೆಂದು ಅವನಿಗೆ ಸ್ವಲ್ಪ ಬೇಸರವಾಯಿತು.

ಹೋಂಸ್ಟೇಯಲ್ಲಿ ದುಡಿದ 10,000 ರೂಪಾಯಿಯನ್ನು ಅವನು ಠೇವಣಿಯಿಟ್ಟ. ಏಪ್ರಿಲಿನಲ್ಲಿ ಸಿಕ್ಕಿದಾಗ ಕಾಫಿ ಮಾರಿಯಾಯಿತೇ ಎಂದು ವಿಚಾರಿಸಿದೆ. ಮಾರಿಯಾಯಿತಂತೆ, ಆ ಹಣದಲ್ಲಿ ತಂದೆ ಮೊದಲು ತೀರಿಸಿದ್ದು ತನ್ನ ಕಿಸಾನ್ ಕಾರ್ಡಿನ ಸಾಲವನ್ನು.