ತಪಾಸಣೆಯ ಬಾಗಿಲು

ಮುತ್ತಿನಕೊಪ್ಪದ ಕಡೆಯವರು ವಿಮಾನ ಹತ್ತಬೇಕಾದರೆ ಮಂಗಳೂರಿಗೋ ಬೆಂಗಳೂರಿಗೋ ಹೋಗುವುದು ಬಹಳ ಕಾಲದ ವಾಡಿಕೆಯಾಗಿತ್ತು. ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರುವರಿ 27ರಂದು ನಿಲ್ದಾಣ ಉದ್ಘಾಟನೆಯಾಗಿ, ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ವಿಮಾನ ಬಂದಿಳಿಯಿತು. ಅದರೊಂದಿಗೆ ಚೀಲ, ಬೆಲ್ಟು, ಮೊಬೈಲು ಎಲ್ಲವನ್ನೂ ತೆಗೆದಿಟ್ಟು, ಕೈ ಅಗಲಿಸಿ ನಿಲ್ಲಬೇಕಾದ ತಪಾಸಣೆಯ ಬಾಗಿಲೂ ಮನೆಯ ಹತ್ತಿರಕ್ಕೆ ಬಂತು.

ಬಂದವರನ್ನು ತಡೆದು, ನೋಡಿ, ಒಳಗೆ ಬಿಡುವ ಕ್ರಮ ಮಲೆನಾಡಿಗೆ ಹೊಸದಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗದಲ್ಲಿ ಮೂರು ಸುತ್ತಿನ ಕೋಟೆಯಿದೆ. ಸುತ್ತಿಗೊಂದು ಬಾಗಿಲು, ಬಾಗಿಲಿನ ಇಕ್ಕೆಲದಲ್ಲಿ ಕಾವಲುಗಾರರ ಕೋಣೆ. ಕೆಳದಿ ಅರಸರ ಕಾಲದ ಆ ಏರ್ಪಾಡಿಗೆ ಬಂದವರನ್ನು ನಿಧಾನಿಸುವುದೊಂದೇ ಕೆಲಸ. ವಿಮಾನ ನಿಲ್ದಾಣದ ಪಾಡು ಬೇರೆ: ತಡೆಯಲೂ ಬೇಕು, ಹೊತ್ತಿಗೆ ಸರಿಯಾಗಿ ಸಾಗಿಸಲೂ ಬೇಕು.

ವಿಮಾನಯಾನದ ಮೊದಲ ದಶಕಗಳಲ್ಲಿ ಇಂಥ ಬಾಗಿಲೇ ಇರಲಿಲ್ಲ. ಅಪಹರಣಗಳು ಹೆಚ್ಚಿದ ಮೇಲೆ, 1973ರ ಜನವರಿಯಲ್ಲಿ ಅಮೆರಿಕ ಎಲ್ಲ ಪ್ರಯಾಣಿಕರ ತಪಾಸಣೆಯನ್ನು ಕಡ್ಡಾಯ ಮಾಡಿತು. ಭಾರತಕ್ಕೆ ಪೆಟ್ಟು ಬಿದ್ದದ್ದು 1971ರ ಜನವರಿ 30ರಂದು, ಶ್ರೀನಗರದಿಂದ ಜಮ್ಮುವಿಗೆ ಹೊರಟ ‘ಗಂಗಾ’ ವಿಮಾನವನ್ನು ಲಾಹೋರಿಗೆ ಒಯ್ದಾಗ. 1999ರ ಕಂದಹಾರ್ ಪ್ರಕರಣದ ಬಳಿಕ, 2000ದಿಂದ, ರಾಜ್ಯ ಪೊಲೀಸರ ಕೈಯಲ್ಲಿದ್ದ ನಿಲ್ದಾಣಗಳ ಕಾವಲು ಹಂತಹಂತವಾಗಿ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಗೆ ಹೋಯಿತು. ತಪಾಸಣೆಯ ಯೋಚನೆಯೇ ಇಲ್ಲದೆ ಕಟ್ಟಿದ ಹಳೆಯ ಕಟ್ಟಡಗಳಲ್ಲಿ ಯಂತ್ರಗಳನ್ನು ಜಾಗ ಸಿಕ್ಕಲ್ಲಿ ತುರುಕಬೇಕಾಯಿತು.

ತಡವಾದರೆ ಜನ ಎಕ್ಸ್-ರೇ ಯಂತ್ರವನ್ನು ಬೈಯುತ್ತಾರೆ. ತಪ್ಪು ಬಹುಮಟ್ಟಿಗೆ ಅದರ ಮುಂದಿನ ಮೇಜಿನದು. ಮೇಜು ಗಿಡ್ಡವಾದರೆ ಒಬ್ಬರು ಚೀಲ ಬಿಚ್ಚಿ ಮುಗಿಸುವವರೆಗೆ ಹಿಂದಿನವರು ಸುಮ್ಮನೆ ನಿಲ್ಲಬೇಕು. ಯಂತ್ರದ ಆಚೆ ಕೂರಲು ಬೆಂಚಿಲ್ಲದಿದ್ದರೆ ಶೂ ಹಾಕಿಕೊಳ್ಳುವವರು ಅಲ್ಲೇ ಬಗ್ಗಿ ನಿಲ್ಲುತ್ತಾರೆ, ಟ್ರೇಗಳು ಒತ್ತೊತ್ತಾಗಿ ಸಾಲು ಕಟ್ಟುತ್ತವೆ. ಹೊಸ ನಿಲ್ದಾಣಗಳು ಎರಡೂ ತುದಿಗಳನ್ನು ಉದ್ದ ಮಾಡಿ, ನಾಲ್ಕಾರು ಮಂದಿ ಒಟ್ಟಿಗೆ ಚೀಲ ಬಿಚ್ಚಲು ಎಡೆ ಕೊಟ್ಟಿವೆ. ಸುತ್ತಿ ಸುತ್ತಿ ಸಾಗುವ ಒಂದೇ ಸಾಲೂ ಒಳ್ಳೆಯದೇ. ಪಕ್ಕದ ಸಾಲು ಬೇಗ ಹೋಯಿತೆಂಬ ಸಂಕಟ ಅಲ್ಲಿಲ್ಲ.

ಹೆಂಗಸರ ಪಾಡನ್ನು ನಕ್ಷೆ ಬರೆಯುವವರು ಕಡೆಗೆ ನೆನೆಯುತ್ತಾರೇನೋ. ಪರದೆಯ ಕೋಣೆ ಒಂದೇ ಇದ್ದರೆ, ಗಂಡಸರಿಗಿಂತ ಕಡಿಮೆ ಮಂದಿಯಿದ್ದರೂ ಅವರ ಸಾಲೇ ನಿಲ್ಲುತ್ತದೆ. ಬಳೆ, ತಾಳಿ, ಕಾಲುಂಗುರಗಳಿಗೆಲ್ಲ ಯಂತ್ರ ಕೂಗುತ್ತದೆ. ಅಷ್ಟರಲ್ಲಿ ಕೈಚೀಲ ಆಚೆ ಬದಿಗೆ ಹೋಗಿರುತ್ತದೆ. ಹಣವೂ ಗುರುತಿನ ಚೀಟಿಯೂ ಅದರಲ್ಲೇ. ಪರದೆಯ ಮರೆಯಿಂದ ಅದು ಕಾಣುವುದಿಲ್ಲ. ಮೊದಲ ಸಲ ವಿಮಾನ ಹತ್ತುವ ಅಜ್ಜಿಗೆ ಆ ಎರಡು ನಿಮಿಷ ಸಣ್ಣದಲ್ಲ. ಕೋಣೆಯನ್ನು ನಾಲ್ಕು ಹೆಜ್ಜೆ ಮುಂದಿಟ್ಟು, ಹೊರಬರುವ ದಾರಿಯನ್ನು ಟ್ರೇಯ ಕಡೆಗೆ ತಿರುಗಿಸಿದರೆ ಅಷ್ಟು ಕಳವಳ ತಪ್ಪೀತು.

ಕೆಲವು ಕಾಟಗಳು ಹೋಗಿವೆ. ಕೈಚೀಲದ ಚೀಟಿಗೆ ಮುದ್ರೆ ಬಿದ್ದಿಲ್ಲವೆಂದು ಪ್ರಯಾಣಿಕರನ್ನು ಹಿಂದಕ್ಕೆ ಕಳಿಸುವ ಪದ್ಧತಿ ಬೆಂಗಳೂರೂ ಸೇರಿ ಏಳು ನಿಲ್ದಾಣಗಳಲ್ಲಿ 2017ರ ಏಪ್ರಿಲ್ 1ರಿಂದ ನಿಂತಿತು.

ಸೋಗಾನೆಯಂಥ ಸಣ್ಣ ನಿಲ್ದಾಣದಲ್ಲಿ ನೂಕುನುಗ್ಗಲು ಕಡಿಮೆ. ಅಲ್ಲಿ ಮುಖ್ಯವಾಗುವುದು ನಿಷೇಧಿತ ವಸ್ತುಗಳ ಫಲಕ ಎಲ್ಲಿದೆ ಎಂಬುದು. ಎಲೆ-ಅಡಿಕೆಯ ಸಂಚಿಯಲ್ಲಿನ ಅಡಕತ್ತರಿ ಕೈಚೀಲದಲ್ಲಿ ಹೋಗುವಂತಿಲ್ಲ, ಕೌಂಟರಿನಲ್ಲಿ ಒಪ್ಪಿಸುವ ದೊಡ್ಡ ಚೀಲದಲ್ಲಿ ಹೋಗಬಹುದು. ಫಲಕವನ್ನು ಯಂತ್ರದ ಪಕ್ಕ ತೂಗುಹಾಕಿದರೆ, ಅದನ್ನು ಓದುವ ಹೊತ್ತಿಗೆ ದೊಡ್ಡ ಚೀಲ ವಿಮಾನದತ್ತ ಹೊರಟಿರುತ್ತದೆ. ಆಮೇಲೆ ಅಡಕತ್ತರಿಗೆ ಉಳಿಯುವುದು ಕಸದ ಡಬ್ಬಿಯೇ.